ನಿರಾಕರಣದ ಹಕ್ಕು ಯಾರದು? — ಸ್ಥಳೀಯ ವಾಹಿನಿ ಮತ್ತು ಕನ್ನಡ ಪ್ರೇಕ್ಷಕ

೧

ದೂರದ ನಗರವೊಂದರಲ್ಲಿರುವ ಪ್ರಸಾರಸಂಸ್ಥೆಯು ಸಿದ್ಧಪಡಿಸಿ ಕಳುಹಿಸಿದ ಕಾರ್ಯಕ್ರಮವನ್ನು ಸ್ಥಳೀಯ ಕೇಂದ್ರವೊಂದು 'ನಾವು ಬಿತ್ತರಿಸುವುದಿಲ್ಲ' ಎಂದು ತಿರಸ್ಕರಿಸಿದರೆ, ಆ ತಿರಸ್ಕಾರವನ್ನು ಸ್ವಾತಂತ್ರ್ಯದ ಲಕ್ಷಣವೆಂದು ಎಣಿಸಬೇಕೆ, ಅಥವಾ ಸ್ವಾತಂತ್ರ್ಯದ ಹರಣವೆಂದು ಎಣಿಸಬೇಕೆ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲವೆಂಬುದನ್ನು ಪ್ರಸಾರಮಾಧ್ಯಮಗಳ ಇತಿಹಾಸವು ಹಲವು ಸಲ ತೋರಿಸಿಕೊಟ್ಟಿದೆ. ೨೦೨೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎ.ಬಿ.ಸಿ. ಪ್ರಸಾರಜಾಲದ ತಡರಾತ್ರಿಯ ಕಾರ್ಯಕ್ರಮವಾದ 'ಜಿಮ್ಮಿ ಕಿಮ್ಮೆಲ್ ಲೈವ್' ಅನ್ನು ಆ ಜಾಲಕ್ಕೆ ಸೇರಿದ ಅನೇಕ ಸ್ಥಳೀಯ ಕೇಂದ್ರಗಳು ತೋರಿಸಲು ನಿರಾಕರಿಸಿದಾಗ ಈ ಪ್ರಶ್ನೆ ಮತ್ತೊಮ್ಮೆ ಜಗತ್ತಿನ ಗಮನಕ್ಕೆ ಬಂದಿತು. ಆದರೆ ಕನ್ನಡನಾಡಿನ ವಿದ್ಯಾರ್ಥಿಗಳಿಗೆ ಇದು ಹೊಸ ಪ್ರಶ್ನೆಯಲ್ಲ. ೨೦೧೨ರಲ್ಲಿ 'ಸತ್ಯಮೇವ ಜಯತೇ' ಎಂಬ ಕಾರ್ಯಕ್ರಮವು ಭಾರತದ ಹಲವು ಭಾಷೆಗಳಲ್ಲಿ ಪ್ರಸಾರವಾಗಿ, ಕನ್ನಡದಲ್ಲಿ ಮಾತ್ರ ಪ್ರಸಾರವಾಗದೆ ಉಳಿದಾಗ, ಇದೇ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿತ್ತು.

ಈ ಎರಡು ಪ್ರಕರಣಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಪರೀಕ್ಷಿಸುವುದೂ, ನಿರಾಕರಣವು ಯಾವಾಗ ನ್ಯಾಯ್ಯ, ಯಾವಾಗ ಅನ್ಯಾಯ ಎಂಬುದನ್ನು ನಿರ್ಣಯಿಸಲು ಒಂದು ಮಾನದಂಡವನ್ನು ಹುಡುಕುವುದೂ ಪ್ರಕೃತ ಲೇಖನದ ಉದ್ದೇಶ.

೨

ಅಮೆರಿಕದಲ್ಲಿ ಸ್ಥಳೀಯ ಕೇಂದ್ರಗಳಿಗೆ ಜಾಲದ ಕಾರ್ಯಕ್ರಮವನ್ನು ತಿರಸ್ಕರಿಸುವ ಹಕ್ಕು ಆಕಸ್ಮಿಕವಾಗಿ ಬಂದುದಲ್ಲ. ೧೯೪೧ರಲ್ಲಿ ಅಲ್ಲಿಯ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ಆಯೋಗವು ರೇಡಿಯೋ ಜಾಲಗಳ ಬಲವು ಮಿತಿಮೀರಿತೆಂದು ಕಂಡು, ಯಾವ ಜಾಲವೂ ತನ್ನ ಕೇಂದ್ರಗಳಿಂದ ಈ ಹಕ್ಕನ್ನು ಕರಾರಿನ ಮೂಲಕ ಕಸಿದುಕೊಳ್ಳಬಾರದೆಂದು ನಿಯಮ ಮಾಡಿತು. ೧೯೪೩ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಈ ನಿಯಮಗಳನ್ನು ಎತ್ತಿಹಿಡಿಯಿತು. ಕೇಂದ್ರಕ್ಕೆ ಪರವಾನೆ ದೊರೆತಿರುವುದು ತನ್ನ ಊರಿನ ಜನರ ಹಿತಕ್ಕಾಗಿ. ಆ ಹಿತವನ್ನು ಬಲ್ಲವನು ನ್ಯೂಯಾರ್ಕಿನ ಅಧಿಕಾರಿಯಲ್ಲ, ಊರಿನಲ್ಲಿರುವ ಕೇಂದ್ರದ ವ್ಯವಸ್ಥಾಪಕ ಎಂಬುದು ಅದರ ಹಿಂದಿನ ತತ್ತ್ವ. ಹೀಗೆ ನಿರಾಕರಣದ ಹಕ್ಕು ಹುಟ್ಟಿದ್ದು ಪ್ರೇಕ್ಷಕನ ಪರವಾಗಿ ಇಟ್ಟುಕೊಂಡ ಒಂದು ನ್ಯಾಸದಂತೆ. ಆ ಮೂಲತತ್ತ್ವವನ್ನು ಮರೆತು ಮುಂದಿನ ಸಂಗತಿಗಳನ್ನು ನೋಡಿದರೆ ಅವುಗಳ ಅರ್ಥವಾಗದು.

ತತ್ತ್ವವು ಹೀಗಿದ್ದರೂ ಅದರ ಆಚರಣೆ ಬೇರೆಯಾಯಿತು. ೧೯೫೬ರ ನವೆಂಬರಿನಲ್ಲಿ ಎನ್.ಬಿ.ಸಿ. ಜಾಲವು ಕರಿಯ ಗಾಯಕನಾದ ನ್ಯಾಟ್ ಕಿಂಗ್ ಕೋಲನ ಕಾರ್ಯಕ್ರಮವನ್ನು ಆರಂಭಿಸಿತು. ದಕ್ಷಿಣದ ಅನೇಕ ಕೇಂದ್ರಗಳು ಅದನ್ನು ತೋರಿಸಲೊಲ್ಲದೆ ಹೋದವು. ರಾಷ್ಟ್ರವ್ಯಾಪಿ ಜಾಹೀರಾತುದಾರರು ಮುಂದೆ ಬರಲಿಲ್ಲ. ೧೯೫೭ರ ಡಿಸೆಂಬರಿನಲ್ಲಿ ಕಾರ್ಯಕ್ರಮ ನಿಂತುಹೋಯಿತು. ಮಿಸಿಸಿಪ್ಪಿಯ ಜಾಕ್ಸನ್ ನಗರದ ಡಬ್ಲ್ಯು.ಎಲ್.ಬಿ.ಟಿ. ಕೇಂದ್ರವು ಜಾಲದಿಂದ ಬಂದ ಪೌರಹಕ್ಕಿನ ಕಾರ್ಯಕ್ರಮಗಳನ್ನು ತಡೆಯುವುದನ್ನೇ ರೂಢಿ ಮಾಡಿಕೊಂಡಿತ್ತು. ಅಲ್ಲಿಯ ಪ್ರೇಕ್ಷಕರ ಪರವಾಗಿ ಒಂದು ಚರ್ಚ್ ಸಂಸ್ಥೆಯು ದೂರು ಕೊಟ್ಟಾಗ, ಪ್ರೇಕ್ಷಕರಿಗೆ ಇದರಲ್ಲಿ ಕಕ್ಷಿಗಾರರಾಗುವ ಅಧಿಕಾರವೇ ಇಲ್ಲವೆಂದು ಆಯೋಗವು ವಾದಿಸಿತು. ೧೯೬೬ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿ, ನೋಡುವ ಜನಕ್ಕೂ ಕೇಳುವ ಅಧಿಕಾರವುಂಟೆಂದು ಸಾರಿತು. ೧೯೬೯ರಲ್ಲಿ ಆ ಕೇಂದ್ರದ ಪರವಾನೆಯ ನವೀಕರಣವನ್ನೇ ರದ್ದುಪಡಿಸಿತು. ಪ್ರಸಾರದ ಇತಿಹಾಸದಲ್ಲಿ ಇದೊಂದು ಮೈಲಿಗಲ್ಲು. ಹಕ್ಕು ಕೇಂದ್ರದ್ದಾದರೂ ಅದು ಯಾರಿಗಾಗಿ ಇದೆಯೋ ಅವರು ಆ ಹಕ್ಕಿನ ಬಳಕೆಯನ್ನು ಪ್ರಶ್ನಿಸಬಲ್ಲರೆಂಬುದು ಅಂದು ಸಿದ್ಧವಾಯಿತು.

೨೦೦೪ರ ಏಪ್ರಿಲ್ ೩೦ರಂದು ಎ.ಬಿ.ಸಿ.ಯ ತಡರಾತ್ರಿಯ 'ನೈಟ್‌ಲೈನ್' ಕಾರ್ಯಕ್ರಮದಲ್ಲಿ ಟೆಡ್ ಕೊಪೆಲ್ ಇರಾಕಿನಲ್ಲಿ ಮಡಿದ ಏಳುನೂರಕ್ಕೂ ಮಿಕ್ಕ ಅಮೆರಿಕನ್ ಸೈನಿಕರ ಹೆಸರುಗಳನ್ನು ಓದಿದರು. ಸಿಂಕ್ಲೇರ್ ಎಂಬ ಕಂಪೆನಿಯು ಇದು ಯುದ್ಧವಿರೋಧಿ ರಾಜಕೀಯವೆಂದು ಆಕ್ಷೇಪಿಸಿ ತನ್ನ ಎ.ಬಿ.ಸಿ. ಕೇಂದ್ರಗಳಲ್ಲಿ ಅದನ್ನು ತಡೆಯಿತು. ಇಲ್ಲಿ ಗಮನಿಸತಕ್ಕ ಬದಲಾವಣೆಯೊಂದುಂಟು. ನಿರ್ಣಯಿಸಿದವನು ಊರಿನ ವ್ಯವಸ್ಥಾಪಕನಲ್ಲ. ಅನೇಕ ಊರುಗಳ ಕೇಂದ್ರಗಳನ್ನು ಕೊಂಡಿಟ್ಟುಕೊಂಡ ಒಡೆಯ. 'ಸ್ಥಳೀಯ' ಎಂಬ ಮಾತು ಉಳಿಯಿತು, ಅದರ ಅರ್ಥ ಉಳಿಯಲಿಲ್ಲ.

೨೦೨೫ರ ಪ್ರಕರಣದಲ್ಲಿ ಈ ಬದಲಾವಣೆ ಪೂರ್ಣವಾಗಿ ಪ್ರಕಟವಾಯಿತು. ಸೆಪ್ಟೆಂಬರ್ ೧೦ರಂದು ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಹತ್ಯೆಯಾಯಿತು. ಅದಕ್ಕೆ ಸಂಬಂಧಿಸಿ ಕಿಮ್ಮೆಲ್ ಸೆಪ್ಟೆಂಬರ್ ೧೫ರಂದು ಆಡಿದ ಮಾತುಗಳು ವಿವಾದಕ್ಕೆ ಒಳಗಾದುವು. ೧೭ರಂದು ಆಯೋಗದ ಅಧ್ಯಕ್ಷ ಬ್ರೆಂಡನ್ ಕಾರ್ ಸಂದರ್ಶನವೊಂದರಲ್ಲಿ ಕ್ರಮದ ಬೆದರಿಕೆಯ ಧ್ವನಿಯಲ್ಲಿ ಮಾತನಾಡಿ, ಸ್ಥಳೀಯ ಕೇಂದ್ರಗಳು ಇದನ್ನು ತಿರಸ್ಕರಿಸಬೇಕೆಂದು ಸೂಚಿಸಿದರು. ಅದೇ ದಿನ ನೆಕ್ಸ್‌ಸ್ಟಾರ್ ಕಂಪೆನಿಯು ತನ್ನ ಕೇಂದ್ರಗಳಲ್ಲಿ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು, ಸಿಂಕ್ಲೇರ್ ಕೂಡ ಅದೇ ದಾರಿ ಹಿಡಿಯಿತು, ಎ.ಬಿ.ಸಿ. ಕಾರ್ಯಕ್ರಮವನ್ನೇ ತಡೆಹಿಡಿಯಿತು. ಟೆಗ್ನಾ ಎಂಬ ಮತ್ತೊಂದು ಕಂಪೆನಿಯನ್ನು ಕೊಳ್ಳಲು ನೆಕ್ಸ್‌ಸ್ಟಾರ್‌ಗೆ ಆಗ ಇದೇ ಆಯೋಗದ ಒಪ್ಪಿಗೆ ಬೇಕಾಗಿತ್ತೆಂಬುದು ಮರೆಯತಕ್ಕ ಸಂಗತಿಯಲ್ಲ. ೨೩ರಂದು ಕಾರ್ಯಕ್ರಮ ಮರಳಿ ಆರಂಭವಾದರೂ ಎರಡೂ ಕಂಪೆನಿಗಳು ೨೬ರವರೆಗೆ ನಿರಾಕರಿಸುತ್ತಲೇ ಇದ್ದುವು. ಆ ಮರಳಿದ ರಾತ್ರಿ ದೇಶದ ಸುಮಾರು ಶೇಕಡ ೨೩ರಷ್ಟು ಮನೆಗಳಿಗೆ ಪ್ರಸಾರ ತಲುಪದಿದ್ದರೂ ನೋಡಿದವರ ಸಂಖ್ಯೆ ೬೨ ಲಕ್ಷವನ್ನು ಮೀರಿತು.

೩

ಮೇಲಿನ ಸಂಗತಿಗಳಿಂದ ಮೂರು ಪ್ರಶ್ನೆಗಳ ಮಾನದಂಡವೊಂದನ್ನು ರೂಪಿಸಬಹುದೆಂದು ನಮ್ಮ ಅಭಿಪ್ರಾಯ. ಮೊದಲನೆಯದು: ನಿರಾಕರಿಸಿದವರು ಯಾರು? ಕೇಂದ್ರವು ತನ್ನ ವಿವೇಚನೆಯಿಂದ ನಿರಾಕರಿಸಿತೋ, ಬೇರೊಬ್ಬರ ಭಯದಿಂದಲೋ ಲಾಭದಿಂದಲೋ? ಎರಡನೆಯದು: ನಿರಾಕರಣದ ಕಾರಣವು ಕಾರ್ಯಕ್ರಮದ ಗುಣದೋಷಕ್ಕೆ ಸಂಬಂಧಿಸಿದುದೋ, ಅದಕ್ಕೆ ಹೊರಗಿನದೋ? ಮೂರನೆಯದು: ನಿರಾಕರಣದಿಂದ ನಷ್ಟವಾದುದು ಯಾರಿಗೆ? ಈ ಮೂರನ್ನು ಹಿಡಿದು ಕನ್ನಡದ ಪ್ರಕರಣಕ್ಕೆ ಬರೋಣ.

ನಟ ಆಮಿರ್ ಖಾನ್ ನಡೆಸಿಕೊಟ್ಟ 'ಸತ್ಯಮೇವ ಜಯತೇ' ೨೦೧೨ರ ಮೇ ೬ರಂದು ಆರಂಭವಾಯಿತು. ಮೊದಲ ಕಂತು ಹೆಣ್ಣುಭ್ರೂಣಹತ್ಯೆಯನ್ನೂ ಎರಡನೆಯದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನೂ ಕುರಿತದ್ದು. ಸ್ಟಾರ್ ಜಾಲದ ಹಿಂದಿ ವಾಹಿನಿಯಲ್ಲಿಯೂ ಸರ್ಕಾರಿ ದೂರದರ್ಶನದಲ್ಲಿಯೂ ಅದು ಏಕಕಾಲಕ್ಕೆ ಬಿತ್ತರವಾಯಿತು. ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿ ಭಾಷೆಗಳಿಗೆ ಧ್ವನಿ ಬದಲಾಯಿಸಿ ಒದಗಿಸಲಾಯಿತು. ಸ್ಟಾರ್ ಜಾಲಕ್ಕೆ ಸೇರಿದ ಕನ್ನಡ ವಾಹಿನಿ 'ಸುವರ್ಣ' ಇದ್ದೂ ಕನ್ನಡದಲ್ಲಿ ಅದು ಬರಲಿಲ್ಲ. ಕಾರಣ ಸರ್ವವಿದಿತ: ಡಬ್ಬಿಂಗ್ ಮಾಡಿದುದನ್ನು ಕನ್ನಡದಲ್ಲಿ ತೋರಿಸಕೂಡದೆಂಬುದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್ ಮೊದಲಾದ ಸಂಘಗಳ ನಿಲುವು. ಇದಕ್ಕೆ ಯಾವ ಶಾಸನದ ಆಧಾರವೂ ಇರಲಿಲ್ಲ. ಸಂಘದ ಮಾತು ಮೀರಿದವರಿಗೆ ಉದ್ಯಮದಲ್ಲಿ ಎಡೆಯಿಲ್ಲವೆಂಬ ಭಯವೊಂದೇ ಅದರ ಬಲ.

ಈ ವಿಷಯವನ್ನು ಕನ್ನಡ ಗ್ರಾಹಕರ ಕೂಟವು ೨೦೧೨ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಒಯ್ದಿತು. ೨೦೧೫ರ ಜುಲೈ ೨೭ರ ಆದೇಶದಲ್ಲಿ ಆಯೋಗವು ಈ ಸಂಘಗಳ ನಡತೆ ೨೦೦೨ರ ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು ನಿರ್ಣಯಿಸಿ ದಂಡ ವಿಧಿಸಿತು. ಬಂಗಾಳದಲ್ಲಿಯೂ ಇಂಥದೇ ವ್ಯಾಜ್ಯ ನಡೆದಿತ್ತು. ಹಿಂದಿಯ 'ಮಹಾಭಾರತ'ವನ್ನು ಬಂಗಾಳಿಗೆ ಡಬ್ ಮಾಡಿ ತೋರಿಸಲಿದ್ದ ಎರಡು ವಾಹಿನಿಗಳಿಗೆ ೨೦೧೧ರಲ್ಲಿ ಅಲ್ಲಿಯ ಕಲಾವಿದರ ಮತ್ತು ನಿರ್ಮಾಪಕರ ಸಂಘಗಳು ಪತ್ರ ಬರೆದು ತಡೆಯೊಡ್ಡಿದ್ದುವು. ೨೦೧೭ರ ಮಾರ್ಚ್ ೭ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅಂಥ ತಡೆಯು ಸ್ಪರ್ಧೆಗೆ ಮಾರಕವೆಂಬ ಆಯೋಗದ ಮತವನ್ನೇ ಎತ್ತಿಹಿಡಿಯಿತು.

ನಮ್ಮ ಮೂರು ಪ್ರಶ್ನೆಗಳನ್ನು ಈಗ ಕೇಳಬಹುದು. ನಿರಾಕರಿಸಿದವರು ಯಾರು? ವಾಹಿನಿಯಲ್ಲ, ವಾಹಿನಿಗಳೆಲ್ಲದರ ಮೇಲೆ ನಿಂತ ಸಂಘಗಳು. ಒಂದು ವಾಹಿನಿ ಬೇಡವೆಂದರೆ ಅದು ಆಯ್ಕೆ. ಯಾವ ವಾಹಿನಿಯೂ ಬೇಕೆನ್ನುವಂತಿಲ್ಲವಾದರೆ ಅದು ನಿಷೇಧ. ಕಾರಣವು ಕಾರ್ಯಕ್ರಮದ ಗುಣದೋಷಕ್ಕೆ ಸಂಬಂಧಿಸಿದುದೆ? ಅಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಎಂಬ ವಿಚಾರಕ್ಕೆ ಅವಕಾಶವೇ ಇರಲಿಲ್ಲ. ಡಬ್ಬಿಂಗ್ ಎಂಬುದೊಂದೇ ದೋಷ. ನಷ್ಟವಾದುದು ಯಾರಿಗೆ? ಇಲ್ಲಿಯೇ ಪ್ರಕರಣದ ಮರ್ಮವಿದೆ. ಕಾರ್ಯಕ್ರಮವು ಕರ್ನಾಟಕದೊಳಕ್ಕೆ ಬಾರದೆ ಹೋಗಲಿಲ್ಲ. ಹಿಂದಿಯಲ್ಲಿ ಬಂದಿತು, ತಮಿಳಿನಲ್ಲಿ ಬಂದಿತು, ತೆಲುಗಿನಲ್ಲಿ ಬಂದಿತು. ನಾಡಿನಲ್ಲಿ ಅದು ದೊರೆಯದೆ ಹೋದುದು ನಾಡಿನ ಭಾಷೆಯಲ್ಲಿ ಮಾತ್ರ.

ಬೆಂಗಳೂರಿನ ಪೂರ್ವದ ಅಂಚಿನ ಪಟ್ಟಂದೂರು ಅಗ್ರಹಾರದಂಥ ಸ್ಥಳದಲ್ಲಿ ನಿಂತು ನೋಡುವವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಹೆಸರಿನಲ್ಲಿ ಇನ್ನೂ ಅಗ್ರಹಾರವನ್ನು ಉಳಿಸಿಕೊಂಡಿರುವ ಈ ಊರಿನ ನೆಲದಲ್ಲಿ ೧೯೯೦ರ ದಶಕದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎದ್ದಿತು. ೨೦೨೩ರ ಮಾರ್ಚಿನಲ್ಲಿ ಮೆಟ್ರೋ ರೈಲು ಬಂದು ನಿಲ್ದಾಣಕ್ಕೆ ಈ ಊರಿನ ಹೆಸರೇ ನಿಂತಿತು. ಇಲ್ಲಿಯ ಒಂದು ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ, ಬಂಗಾಳಿ ಮನೆಮಾತಿನವರು ಅಕ್ಕಪಕ್ಕದಲ್ಲಿ ವಾಸಿಸುತ್ತಾರೆ. ಒಂದೇ ಕೇಬಲ್ಲಿನಿಂದ ಅವರೆಲ್ಲರಿಗೂ ಅವರವರ ಭಾಷೆಯ ವಾಹಿನಿ ಬರುತ್ತದೆ. ೨೦೧೨ರ ಮೇ ತಿಂಗಳ ಭಾನುವಾರಗಳಂದು ಇಂಥ ಬೀದಿಯಲ್ಲಿ ಮೇಲ್ಕಂಡ ಕಾರ್ಯಕ್ರಮವನ್ನು ತನ್ನ ತಾಯ್ನುಡಿಯಲ್ಲಿ ಕೇಳಲಾರದೆ ಹೋದುದು ಊರಿನ ಹಳೆಯ ಕನ್ನಡ ಮನೆತನವೇ. ಹಿಂದಿ ಬಲ್ಲ ಕನ್ನಡಿಗನು ಹಿಂದಿಯಲ್ಲಿ ನೋಡಿದನು. ಅದನ್ನು ಅರಿಯದ ಅವನ ತಾಯಿಗೆ ಆ ದಾರಿಯೂ ಇರಲಿಲ್ಲ. ಭ್ರೂಣಹತ್ಯೆಯ ವಿಷಯವನ್ನು ಮುಖ್ಯವಾಗಿ ಕೇಳಬೇಕಾದವರು ಇವರಿಬ್ಬರಲ್ಲಿ ಯಾರೆಂಬುದನ್ನು ವಿವರಿಸಬೇಕಾಗಿಲ್ಲ.

೪

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ವಾದವನ್ನು ಅದರ ಪೂರ್ಣ ಬಲದೊಡನೆ ಪರಿಶೀಲಿಸುವುದು ವಿಮರ್ಶಕನ ಕರ್ತವ್ಯ. ಡಬ್ಬಿಂಗ್ ವಿರೋಧವು ಸ್ವಾರ್ಥದಿಂದ ಹುಟ್ಟಿದುದೆಂದು ಹೇಳುವವರು ಇತಿಹಾಸಕ್ಕೆ ಅನ್ಯಾಯ ಮಾಡುತ್ತಾರೆ. ೧೯೬೦ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿಯವರು, ನಟ ರಾಜ್‌ಕುಮಾರ್ ಮೊದಲಾದವರು ಈ ವಿರೋಧಕ್ಕೆ ದನಿಗೂಡಿಸಿದಾಗ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದುವು. ಬೆಂಗಳೂರಿನಲ್ಲಿಯೇ ಕನ್ನಡ ಚಿತ್ರಕ್ಕೆ ಚಿತ್ರಮಂದಿರ ದೊರೆಯುವುದು ಕಷ್ಟವಾಗಿತ್ತು. ಬೇರೆ ಭಾಷೆಯ ಚಿತ್ರಕ್ಕೆ ಅಗ್ಗದಲ್ಲಿ ಕನ್ನಡದ ಧ್ವನಿಯನ್ನು ಹಚ್ಚಿ ಮಾರುವುದು ನಿಲ್ಲದಿದ್ದರೆ ಇಲ್ಲಿಯ ನಟನಿಗೂ ಲೇಖಕನಿಗೂ ತಂತ್ರಜ್ಞನಿಗೂ ಬಾಳುವೆಯಿರಲಿಲ್ಲ. ಆ ವಿರೋಧವು ಒಂದು ಎಳೆಯ ಸಸಿಗೆ ಕಟ್ಟಿದ ಬೇಲಿ; ಆ ಬೇಲಿಯೊಳಗೆ ಗಿಡ ಬೆಳೆದುದೂ ನಿಜ.

ಇನ್ನೊಂದು ವಾದವೂ ಒಪ್ಪತಕ್ಕದ್ದೇ. ಡಬ್ಬಿಂಗನ್ನು ಸಾಹಿತ್ಯದ ಅನುವಾದಕ್ಕೆ ಹೋಲಿಸಿ ಸಮರ್ಥಿಸುವುದುಂಟು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದುದರಿಂದಲೂ, ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ರಚಿಸಿದುದರಿಂದಲೂ ಕನ್ನಡ ಬೆಳೆಯಿತಲ್ಲವೆ ಎಂಬುದು ಅವರ ಪ್ರಶ್ನೆ. ಈ ಹೋಲಿಕೆ ಪೂರ್ತಿಯಾಗಿ ಸಲ್ಲದು. ಅನುವಾದಕನು ಇಡೀ ಕೃತಿಯನ್ನು ತನ್ನ ನುಡಿಯಲ್ಲಿ ಹೊಸದಾಗಿ ಕಟ್ಟುತ್ತಾನೆ; ಡಬ್ಬಿಂಗಿನಲ್ಲಿ ಮುಖ, ಉಡುಗೆ, ಊರು, ತುಟಿಯ ಚಲನೆ ಎಲ್ಲವೂ ಮೊದಲಿನವೇ. ಆ ತುಟಿಗೆ ತಕ್ಕಂತೆ ಮಾತನ್ನು ಹಿಗ್ಗಿಸಿ ಕುಗ್ಗಿಸುವಾಗ ಕನ್ನಡದ ವಾಕ್ಯಕ್ರಮ ನಲುಗುವುದುಂಟು.

ಆದರೆ ಈ ಎರಡು ವಾದಗಳನ್ನು ಒಪ್ಪಿಕೊಂಡರೂ ೨೦೧೨ರ ನಿಷೇಧವು ಸಮರ್ಥನೀಯವಾಗುವುದಿಲ್ಲ. ಬೇಲಿಯ ವಾದವು ಕಥಾಚಿತ್ರಕ್ಕೆ, ಅದರ ಎಳೆಯ ವಯಸ್ಸಿಗೆ ಸಂಬಂಧಿಸಿದುದು. ನಿಜ ಸಂಗತಿಗಳನ್ನೂ ನಿಜ ಮನುಷ್ಯರ ಹೇಳಿಕೆಗಳನ್ನೂ ಒಳಗೊಂಡ ವಿಚಾರಪರ ಕಾರ್ಯಕ್ರಮವು ಯಾವ ಕನ್ನಡ ನಟನ ಪಾತ್ರವನ್ನೂ ಕಸಿಯುವುದಿಲ್ಲ. ನಿಯಮವು ತನ್ನ ಕಾರಣವನ್ನು ಕಳೆದುಕೊಂಡಿದ್ದಿತೆಂಬುದಕ್ಕೆ ಅದರ ಆಚರಣೆಯೇ ಸಾಕ್ಷಿ. ೨೦೦೯ರಲ್ಲಿ ಆರಂಭವಾದ ಮಕ್ಕಳ ವಾಹಿನಿ 'ಚಿಂಟು'ವಿನಲ್ಲಿ ಹೊರಗಿನ ಕಾರ್ಟೂನುಗಳು ಕನ್ನಡದಲ್ಲಿ ಮಾತನಾಡುತ್ತಿದ್ದುವು. ಅದರಿಂದ ಉದ್ಯಮವು ಮುಳುಗಲಿಲ್ಲ. ಹೊರಗಿನ ಕಥೆಗಳನ್ನು ಕೊಂಡು ರೀಮೇಕ್ ಮಾಡುವುದಕ್ಕೆ ತಡೆಯೇ ಇರಲಿಲ್ಲ. ಹಾಗಾದರೆ ಕಾಪಾಡಿದುದು ಕನ್ನಡದ ಕಲ್ಪನೆಯನ್ನಲ್ಲ, ತಯಾರಿಕೆಯ ಕೆಲಸವನ್ನು. ಕೆಲಸವನ್ನು ಕಾಪಾಡುವುದು ತಪ್ಪಲ್ಲ. ಅದಕ್ಕೆ ಕಾಲಮಿತಿ, ಪಾಲುಮಿತಿ, ಸಹಾಯಧನ ಮೊದಲಾದ ಬಹಿರಂಗವಾದ ಉಪಾಯಗಳಿವೆ. ಕೆಲಸದ ರಕ್ಷಣೆಗೆ ಭಾಷೆಯ ರಕ್ಷಣೆಯೆಂಬ ಹೆಸರಿಟ್ಟು, ಆ ಭಾಷೆಯನ್ನಾಡುವವನನ್ನು ಪರಭಾಷೆಯ ವಾಹಿನಿಗೆ ಅಟ್ಟುವುದು ಮಾತ್ರ ಸಲ್ಲದು.

ಈ ಬಗೆಯ ನಿರಾಕರಣದ ಫಲವೇನೆಂಬುದಕ್ಕೆ ಹಳೆಯ ನಿದರ್ಶನವೊಂದಿದೆ. ೧೯೫೨ರಲ್ಲಿ ಸಚಿವರಾದ ಬಿ. ವಿ. ಕೇಸ್ಕರರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದುವು. ಶಾಸ್ತ್ರೀಯ ಸಂಗೀತವನ್ನು ಉಳಿಸುವ ಉದ್ದೇಶ ಉದಾತ್ತವಾದುದೇ. ಕೇಳುಗರು ಮಾತ್ರ ರೇಡಿಯೋ ಸಿಲೋನಿನ ಕಡೆ ತಿರುಗಿದರು. ೧೯೫೭ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ಅವರನ್ನು ಮರಳಿ ಕರೆಯಬೇಕಾಯಿತು. 'ಆಕಾಶವಾಣಿ' ಎಂಬ ಹೆಸರನ್ನು ೧೯೩೫ರಲ್ಲಿ ಮೊದಲು ಬಳಕೆಗೆ ತಂದುದು ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸ್ಥಾಪಿಸಿದ ಪುಟ್ಟ ಕೇಂದ್ರ. ಊರಿನ ಜನಕ್ಕಾಗಿ ಊರಿನ ಒಬ್ಬ ವಿದ್ವಾಂಸನು ನಡೆಸಿದ ಆ ಕೇಂದ್ರದ ಆದರ್ಶವೇ ನಿಜವಾದ ಸ್ಥಳೀಯತೆ. ಕೇಳುಗನನ್ನು ಕಳೆದುಕೊಂಡ ಕೇಂದ್ರಕ್ಕೆ ಸ್ಥಳವೊಂದು ಉಳಿದೀತು, ಸ್ಥಳೀಯತೆ ಉಳಿಯದು.

೫

ಸ್ಪರ್ಧಾ ಆಯೋಗದ ಆದೇಶದ ಫಲವನ್ನು ನಾವು ಒಪ್ಪುತ್ತೇವೆ. ಆದರೆ ಅದರ ಭಾಷೆಯ ವಿಷಯದಲ್ಲಿ ಒಂದು ಮಾತು ಹೇಳಬೇಕಾಗಿದೆ. ಆಯೋಗದ ಮುಂದೆ ಕನ್ನಡಿಗನು ಗ್ರಾಹಕನಾಗಿ ಮಾತ್ರ ನಿಲ್ಲಬಲ್ಲನು. ಮಾರುಕಟ್ಟೆ, ಸ್ಪರ್ಧೆ, ಆಯ್ಕೆ ಇವೇ ಅದಕ್ಕೆ ಗೊತ್ತಿರುವ ಪದಗಳು. ಆ ಪದಗಳಿಂದ ಕನ್ನಡಿಗನಿಗೆ ನ್ಯಾಯ ದೊರೆಯಿತಾದರೂ, ಅವನ ನಷ್ಟದ ಸ್ವರೂಪವನ್ನು ಅವು ಪೂರ್ಣವಾಗಿ ಹೇಳಲಾರವು. ತನ್ನ ಮಕ್ಕಳ ಕ್ಷೇಮಕ್ಕೆ ಸಂಬಂಧಿಸಿದ ವಿಷಯವನ್ನು ತನ್ನ ನುಡಿಯಲ್ಲಿ ಕೇಳಲಾಗದ ತಾಯಿಯು ಕಳೆದುಕೊಂಡುದು ಒಂದು ಸರಕನ್ನಲ್ಲ. ಪೌರಜೀವನದಲ್ಲಿ ತನಗೆ ಸಲ್ಲಬೇಕಾದ ಪಾಲನ್ನು. ೧೯೬೬ರ ಅಮೆರಿಕದ ತೀರ್ಪು ಪ್ರೇಕ್ಷಕನನ್ನು ಪೌರನೆಂದು ಗುರುತಿಸಿತು. ನಮ್ಮಲ್ಲಿ ಅವನಿಗೆ ಬಾಗಿಲು ತೆರೆದದ್ದು ಕೊಳ್ಳುವವನೆಂಬ ಹೆಸರಿನಲ್ಲಿ. ಈ ವ್ಯತ್ಯಾಸವು ಸಣ್ಣದಲ್ಲ. ಕೊಳ್ಳುವವರ ಸಂಖ್ಯೆ ಕಡಮೆಯಾದ ಭಾಷೆಗೆ ಮಾರುಕಟ್ಟೆಯ ನ್ಯಾಯವು ನೆರವಾಗದೆ ಹೋಗಬಹುದು.

ಇದಕ್ಕೆ ನಮ್ಮ ನಗರದಲ್ಲಿಯೇ ನಡೆದ ಕಹಿ ನಿದರ್ಶನವಿದೆ. ೧೯೯೪ರ ಅಕ್ಟೋಬರ್ ೨ರಂದು ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಅದರ ವಿರುದ್ಧ ಎದ್ದ ಪ್ರತಿಭಟನೆ ಗಲಭೆಯಾಗಿ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು, ವಾರ್ತೆ ನಿಂತಿತು. ಕನ್ನಡಕ್ಕೆ ದೂರದರ್ಶನದಲ್ಲಿ ಸಾಕಷ್ಟು ವೇಳೆ ದೊರೆಯುತ್ತಿಲ್ಲವೆಂಬ ಅಸಮಾಧಾನಕ್ಕೆ ಆಧಾರವಿತ್ತು. ಆದರೆ ಆ ಅಸಮಾಧಾನವನ್ನು ದೆಹಲಿಯ ಮುಂದಿಡದೆ ನೆರೆಯವನ ಹತ್ತು ನಿಮಿಷಗಳ ಮೇಲೆ ತೀರಿಸಿಕೊಂಡುದನ್ನು ಯಾವ ನ್ಯಾಯವೂ ಒಪ್ಪದು. ಅಂದು ಕೇಂದ್ರವು ವಿವೇಚಿಸಿ ನಿರಾಕರಿಸಲಿಲ್ಲ. ಬೀದಿಯ ಬಲಕ್ಕೆ ಬಾಗಿತು. ೨೦೧೨ರಲ್ಲಿ ಸಂಘದ ಬಲಕ್ಕೆ, ೨೦೨೫ರಲ್ಲಿ ಅಮೆರಿಕದಲ್ಲಿ ಅಧಿಕಾರದ ಬಲಕ್ಕೆ. ಬಲವು ಬೇರೆಬೇರೆ, ಬಾಗುವಿಕೆ ಒಂದೇ.

೬

ಮುಂದಿನ ಸಂಗತಿಗಳು ಆಶಾದಾಯಕವಾದುವು. ೨೦೧೭ರ ಮಾರ್ಚಿನಲ್ಲಿ 'ಸತ್ಯದೇವ್ ಐಪಿಎಸ್' ಎಂಬ ಡಬ್ ಆದ ಚಿತ್ರ ಪ್ರತಿಭಟನೆಗಳ ನಡುವೆ ತೆರೆಕಂಡಿತು. ೨೦೨೦ರ ಮೇ ತಿಂಗಳಲ್ಲಿ, ಕೊರೋನಾ ದಿಗ್ಬಂಧನದಿಂದ ಧಾರಾವಾಹಿಗಳ ಚಿತ್ರೀಕರಣ ನಿಂತಿದ್ದಾಗ, ಸ್ಟಾರ್ ಸುವರ್ಣ ವಾಹಿನಿಯು ಹಿಂದಿಯ 'ಮಹಾಭಾರತ'ವನ್ನು ಕನ್ನಡದಲ್ಲಿ ಬಿತ್ತರಿಸಿತು. ತಮಿಳು ಮಲಯಾಳಂ ಪ್ರೇಕ್ಷಕರು ಅದನ್ನು ವರ್ಷಗಳ ಹಿಂದೆಯೇ ನೋಡಿದ್ದರು. ಅದೇ ಜುಲೈಯಲ್ಲಿ ಜೀ ಕನ್ನಡ ವಾಹಿನಿಯು ಅಂಬೇಡ್ಕರರ ಜೀವನವನ್ನು ಕುರಿತ 'ಮಹಾನಾಯಕ'ವನ್ನು ಆರಂಭಿಸಿತು. ಅದನ್ನು ನಿಲ್ಲಿಸಬೇಕೆಂದು ಬೆದರಿಕೆಗಳು ಬಂದುವೆಂದು ವಾಹಿನಿಯ ಮುಖ್ಯಸ್ಥರು ಬಹಿರಂಗವಾಗಿಯೇ ತಿಳಿಸಿದರು. ವಾಹಿನಿ ನಿಲ್ಲಿಸಲಿಲ್ಲ; ಹಳ್ಳಿಹಳ್ಳಿಗಳಲ್ಲಿ ಯುವಕರು ಅದರ ಪರವಾಗಿ ಫಲಕಗಳನ್ನು ನಿಲ್ಲಿಸಿದರು. ಪ್ರೇಕ್ಷಕನು ತನ್ನ ವಾಹಿನಿಯ ಬೆನ್ನಿಗೆ ನಿಂತ ಈ ಸಂದರ್ಭವು ನಮ್ಮ ಪ್ರಸಾರಚರಿತ್ರೆಯಲ್ಲಿ ದಾಖಲಾಗತಕ್ಕದ್ದು.

ಇದರಿಂದ ವಿಮರ್ಶೆಗೂ ಒಂದು ಉಪಕಾರವಾಯಿತು. ನಿಷೇಧವಿದ್ದಷ್ಟು ಕಾಲ ಡಬ್ಬಿಂಗಿನ ಕನ್ನಡವು ಹೇಗಿರಬೇಕೆಂಬ ಚರ್ಚೆ ನಡೆಯಲಿಲ್ಲ. ಇರಬೇಕೆ ಬೇಡವೆ ಎಂಬ ಕೂಗಾಟವೇ ಎಲ್ಲವನ್ನೂ ನುಂಗಿತು. ನೋಡದ ಕೃತಿಯ ಗುಣದೋಷವನ್ನು ಯಾರು ತೂಗಬಲ್ಲರು? ಈಗ ಕೃತಿಗಳು ಕಣ್ಣ ಮುಂದಿವೆ. ಅವುಗಳ ನುಡಿ ಎಲ್ಲಿ ಸಹಜ, ಎಲ್ಲಿ ಕೃತಕ. ಪೌರಾಣಿಕ ಸಂಭಾಷಣೆಗೆ ನಮ್ಮ ಕಂಪೆನಿ ನಾಟಕಗಳ ಹದವು ಒಗ್ಗೀತೇ. ಉತ್ತರದ ಹಳ್ಳಿಯ ಆಡುಮಾತಿಗೆ ಕನ್ನಡದ ಯಾವ ಸೀಮೆಯ ನುಡಿಯನ್ನು ಹಾಕಬೇಕು—ಇವು ನಮ್ಮ ಕನ್ನಡ ಮತ್ತು ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಅಧ್ಯಯನಗಳು. ಕೆಟ್ಟ ಡಬ್ಬಿಂಗನ್ನು ವಾಹಿನಿಯು ತಿರಸ್ಕರಿಸುವುದಕ್ಕೂ ಆಗ ಸಕಾರಣವಾದ ಆಧಾರ ದೊರೆಯುತ್ತದೆ.

ನಿರಾಕರಣದ ಹಕ್ಕನ್ನು ನಾವು ಅಲ್ಲಗಳೆಯುತ್ತಿಲ್ಲ. ಅದಿಲ್ಲದ ವಾಹಿನಿಯು ದೂರದ ಒಡೆಯನ ಕೊಳವೆ ಮಾತ್ರ; ಮುಂಬಯಿಯಿಂದ ಬಂದುದನ್ನೆಲ್ಲ ಬೆಂಗಳೂರು ತೋರಿಸಲೇಬೇಕೆಂಬ ಕಾಲ ಬಂದರೆ ಅದನ್ನು ವಿರೋಧಿಸುವವರಲ್ಲಿ ನಾವೂ ಇರುತ್ತೇವೆ. ಆದರೆ ಈ ಹಕ್ಕು ವಾಹಿನಿಯ ಬಳಿ ಇರುವುದು ಪ್ರೇಕ್ಷಕನ ಪರವಾಗಿ. ಬೇಡವೆನ್ನುವ ವಾಹಿನಿಯು ತಾನಾಗಿ ಬೇಡವೆನ್ನಬೇಕು. ಕಾರಣವನ್ನು ತನ್ನ ಪ್ರೇಕ್ಷಕನಿಗೆ ಅವನ ನುಡಿಯಲ್ಲಿ ತಿಳಿಸಬೇಕು. ಬೇಕೆನ್ನುವ ಇನ್ನೊಂದು ವಾಹಿನಿಗೆ ಅಡ್ಡಬರಬಾರದು. ಈ ಮೂರು ನಿಬಂಧನೆಗಳನ್ನು ಪಾಲಿಸಿದ ನಿರಾಕರಣವು ನಮಗೆ ಒಪ್ಪಿಗೆಯಾಗದಿದ್ದರೂ ಗೌರವಕ್ಕೆ ಅರ್ಹ. ಪಾಲಿಸದ ನಿರಾಕರಣವು ಭಾಷೆಯ ಹೆಸರಿನಲ್ಲಿ ನಡೆದರೂ, ದೇಶದ ಹೆಸರಿನಲ್ಲಿ ನಡೆದರೂ, ಪ್ರೇಕ್ಷಕನ ಬಾಯಿಂದ ಅವನ ಮಾತನ್ನು ಕಸಿದುಕೊಂಡಂತೆಯೇ ಸರಿ.